ದೊಡ್ಡ ಅಕ್ಷರ

ಇವತ್ತು ಮುಂಜಾನೆ ಶಾಯಿ ಕಲಸುತ್ತಿದ್ದಾಗ ಸೊಸೆ ನನ್ನ ಹಾಳೆ ನೋಡಿ ನಿಂತಳು. "ಮಾವಾರ, ಈ ಯುದ್ಧದ ಕಾಲದಾಗ ಕಾಗದ ಸಿಗೂದ ಕಷ್ಟ. ಪುಟಕ್ಕ ಆರ ಸಾಲು ಬರೀತೀರಲ್ಲ, ಇದೇನು ಅಂಗಡಿ ಬೋರ್ಡೇನ್ರಿ?" ತಲೆಯ ಮೇಲಿನ ರುಮಾಲನ್ನೂ ನೋಡಿ ನಕ್ಕಳು. ಮನೆಯಲ್ಲೇ ಕೂತು ಬರೆಯುವ ಮುದುಕನಿಗೆ ರುಮಾಲು ಯಾಕೆ? ನೀವೂ ನಗಿರಿ. ನಾನು ರುಮಾಲು ತೆಗೆಯುವುದಿಲ್ಲ, ಅಕ್ಷರ ಸಣ್ಣದು ಮಾಡುವುದಿಲ್ಲ.

ಮ್ಯಾಟ್ರಿಕ್ ಮುಗಿಸಿ ಕೆಲವು ವರ್ಷ ಕಾರಕೂನನಾಗಿದ್ದೆ. ಸಾಹೇಬನ ಗಡಿಯಾರ ಸಾಕಾಗಿ, ಮರಾಠಿ ವೈದ್ಯದ ಪುಸ್ತಕಗಳನ್ನು ಕನ್ನಡಕ್ಕೆ ತರುತ್ತೇನೆಂದು ಈ ಮರಾಠಿ ಊರಿನ ಸದಾಶಿವ ಪೇಠೆಯ ವಾಡೆಯ ಮನೆಯಲ್ಲಿ ಕೂತೆ. ಕೂತೆ ಅಷ್ಟೇ. ಲೇಖಣಿ ಕೆತ್ತುತ್ತಿದ್ದೆ, ಮೇಜನ್ನು ಕಿಟಕಿಗೆ ತಿರುಗಿಸುತ್ತಿದ್ದೆ, ಬೆಳಕು ಹೆಚ್ಚಾಯಿತೆಂದು ಗೋಡೆಗೆ ತಿರುಗಿಸುತ್ತಿದ್ದೆ. ಛಾಪಖಾನೆಯವನಿಗೆ "ಉದ್ಯಾ" ಎನ್ನುತ್ತಿದ್ದೆ, ಹೆಂಡತಿ ಗಂಗೂಗೆ "ನಾಳೆ". "ಸುಳ್ಳು ಒಂದ, ಭಾಷಾ ಎರಡು," ಎನ್ನುತ್ತಿದ್ದಳು ಅವಳು.

ಆಗ ಧಾರವಾಡದಿಂದ ಅತ್ತೆ, ಗಂಗೂನ ತಾಯಿ, ಬಂದರು. ಕಣ್ಣು ದಿನದಿನಕ್ಕೆ ಮಸುಕಾಗುತ್ತಿತ್ತು. ಇಲ್ಲಿನ ಡಾಕ್ಟರರೂ ಕೈಚೆಲ್ಲಿದರು. ನಲವತ್ತನೆಯ ವಯಸ್ಸಿಗೆ ಮಗಳ ಪಾಟಿಯ ಮೇಲೆ ಅಕ್ಷರ ಕಲಿತ ಹೆಂಗಸು. ಬೀಸುವಾಗ ತಾವೇ ಕಟ್ಟಿದ ಇಪ್ಪತ್ತು ಹಾಡುಗಳನ್ನು ನನಗೆ ಹೇಳಿ ಬರೆಸಿದರು. ನಾನು ಗೀಚಿಕೊಂಡೆ.

"ಇನ್ನ ಇವನ್ನ ದೊಡ್ಡ ಅಕ್ಷರದಾಗ ಚಂದಂಗ ಬರೀರಿ, ಅಳಿಯಂದ್ರ. ಕಣ್ಣು ಹೋಗೂದ್ರಾಗ ನನ್ನ ಮಾತು ನಾ ಒಮ್ಮೆ ಓದಬೇಕು."

"ನಾಳೆ ಶುರು ಮಾಡ್ತೇನಿ," ಎಂದೆ.

ಅವರು ದಿನಾ ಮುಂಜಾನೆ ಕಿಟಕಿಯ ಸರಳು ಎಣಿಸುತ್ತಿದ್ದರು. ಇದ್ದವು ಏಳು. "ಇವತ್ತು ಐದ ಕಾಣ್ತಾವ," ಎಂದರು ಒಂದು ದಿನ. ಆ ಹೊತ್ತು ನಾನು ಶಾಯಿ ಸೋಸುತ್ತಿದ್ದೆ. ಎಣಿಕೆ ಎರಡಕ್ಕೆ ಬಂದಾಗ ಗಂಗೂ ನನ್ನ ಹಳೆಯ ರುಮಾಲು ತಂದು ಮುಂದೆ ಹಿಡಿದಳು.

"ಕಚೇರಿ ಇದ್ದಾಗ ಹತ್ತಕ್ಕ ಕೂಡ್ತಿದ್ರಲ್ಲ? ಸುತ್ಕೋರಿ. ಹೊರಗ ಹೋಗಿ, ಅಂಗಳದ ಬಾವಿ ಸುತ್ತಿ, ಕಚೇರಿಗೆ ಬರ್ರಿ."

ಹೋದೆ. "ಅಹೋ, ಕುಠೇ?" ಎಂದು, ಎಲ್ಲಿಗೆ ಹೊರಟಿರೆಂದು ನೆರೆಯವರು ಕೂಗಿ ಕೇಳಿದರು. "ಕಚೇರಿಲಾ!" ಎಂದು ಬಾವಿ ಸುತ್ತಿ ಒಳಗೆ ಬಂದು ಕೂತೆ. ಅಂದು ಮೊದಲ ಬಾರಿಗೆ ಎದ್ದೇಳದೆ ಬರೆದೆ. ಆದರೆ ಮೂರು ಹಾಡು ಆಗುವಷ್ಟರಲ್ಲಿ ಅತ್ತೆ ಸರಳು ಎಣಿಸುವುದನ್ನು ಬಿಟ್ಟಿದ್ದರು.

ಹಾಳೆಗಳನ್ನು ಅವರ ಕೈಗಿಟ್ಟು, "ಎಲ್ಲಾ ಆದವ್ರಿ," ಎಂದೆ. ಯಾಕೆ ಹಾಗೆಂದೆ, ಇಂದಿಗೂ ತಿಳಿಯದು.

ಅವರು ಹಾಳೆಗಳನ್ನು ಹೆಬ್ಬೆರಳಲ್ಲಿ ಸವರಿದರು. "ಇಪ್ಪತ್ತ ಹಾಡು ಇಷ್ಟ ತೆಳ್ಳಗ? ಅಳಿಯಂದ್ರ, ಕಣ್ಣು ಹೋಗ್ಯಾವ, ಕೈ ಹೋಗಿಲ್ಲ."

"ಮೂರ ಆಗ್ಯಾವ್ರಿ," ಎಂದೆ.

"ಉಳಿದದ್ದೂ ದೊಡ್ಡ ಅಕ್ಷರದಾಗ ಬರೀರಿ."

"ಈಗ ಓದಾವ್ರ ಯಾರ್ರಿ ಅತ್ತಿ?"

"ಯಾರೂ ಓದೂದು ಬ್ಯಾಡ. ನಾ ಹಿಡೀತೇನಿ."

ದಿನಾ ಬಾವಿ ಸುತ್ತಿ ಬಂದು ಬರೆದೆ. ಇಪ್ಪತ್ತೂ ಮುಗಿದಾಗ ಅವರು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತೂಕ ನೋಡಿದರು. ಶಭಾಷ್ ಎನ್ನಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಇಷ್ಟು ವರ್ಷ, ಯಾರು ಕೇಳಿದರೂ "ರೂಢಿ" ಎಂದು ಹೇಳಿ ತಪ್ಪಿಸಿಕೊಂಡಿದ್ದೆ. ಇವತ್ತು ಸೊಸೆಗೂ ಹಾಗೇ ಹೇಳಲು ಹೊರಟವನು ತಡೆದು, ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಒಳಗೆ ಹೋಗಿ, ಮಕ್ಕಳ ಶಾಲೆಯ ಪಟ್ಟಿ ಪುಸ್ತಕದಲ್ಲಿ ಉಳಿದಿದ್ದ ಖಾಲಿ ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟಳು.

"ಹತ್ತು ಹೊಡೀತು, ಮಾವಾರ. ಬಾವಿ ಸುತ್ತಿದ್ರೋ ಇಲ್ಲೋ?"