ಉಸಿರು ಕೇಳಿದ ಮೀನುಗಳು

ತೊಂಬತ್ತರ ದಶಕದ ಒಂದು ಬೇಸಿಗೆ. ಹೊಳೆ ನೀರಿನ ಪರೀಕ್ಷೆ ಆಗ ನನ್ನ ಕೆಲಸ. ಯಡೂರಿನ ಬಳಿ ಕೃಷ್ಣೆ ಹರಿಯುವುದನ್ನೇ ಬಿಟ್ಟು ಹಸಿರಾಗಿ ಮಲಗಿತ್ತು. ಅಂಬಿಗ ದುಂಡಪ್ಪ ನನ್ನನ್ನು ದೋಣಿಯಲ್ಲಿ ಮಡುವಿನ ನಡುವಿಗೆ ಒಯ್ದ. ಸೀಸೆಗೆ ನೀರು ತುಂಬಿ ಔಷಧ ಹಾಕಿದೆ. ನೀರಿನಲ್ಲಿ ಆಮ್ಲಜನಕವಿದ್ದರೆ ಅದು ಕಂದು ಬಣ್ಣಕ್ಕೆ ತಿರುಗಬೇಕು. ತಿರುಗಲಿಲ್ಲ, ಹಾಲಿನಂತೆ ಬೆಳ್ಳಗಾಗಿ ಹಾಗೇ ಉಳಿಯಿತು.

ಆಗಲೇ ಸುತ್ತಲೂ ಪಚ್ ಪಚ್ ಎಂಬ ಸದ್ದು ಕೇಳಿಸಿತು. ನೂರಾರು ಮೀನುಗಳು ಬಾಯಷ್ಟೇ ಹೊರಗಿಟ್ಟು, ತೆರೆದು ಮುಚ್ಚುತ್ತಿದ್ದವು.

ದುಂಡಪ್ಪ ಹುಟ್ಟು ಎತ್ತಿ ಹಿಡಿದ. "ಏನ್ ಕೇಳಾಕತ್ತಾವ್ರಿ ಸಾಹೇಬ್ರ ಇವು?"

"ಉಸಿರು," ಎಂದೆ. "ನೀರಾಗ ಉಸಿರ ಉಳದಿಲ್ಲ."

"ಮೊದಲ ಬ್ಯಾಸಿಗ್ಯಾಗೂ ಹೊಳಿ ಹರೀತಿತ್ರಿ. ಈಗ ವರ್ಷಾ ವರ್ಷಾ ಬಿಸಲ ಹೆಚ್ಚಾಗಾಕತ್ತೈತಿ," ಎಂದವನು ದಂಡೆಯತ್ತ ನೋಡಿ ಬೆಚ್ಚಿದ. ಅವನ ಸೊಸೆ ಕೊಡ ಮುಳುಗಿಸುತ್ತಿದ್ದಳು.

"ಬ್ಯಾಡವ್ವಾ, ಚೆಲ್ಲ ಅದನ್ನ!" ಎಂದು ಕೂಗಿದ.

ಅವಳು ಚೆಲ್ಲಿ, ಮರಳಲ್ಲಿ ಗುಂಡಿ ತೋಡಿ ನೀರು ಒಸರಲೆಂದು ಕಾಯುತ್ತ ಕುಳಿತಳು. ದುಂಡಪ್ಪ ಮೀನುಗಳಿಗೆ ಹುಟ್ಟು ತಾಗದಂತೆ ಮೆಲ್ಲಗೆ ದೋಣಿ ತಿರುಗಿಸಿದ.

ಮಧ್ಯಾಹ್ನ ಖಾನಾವಳಿಯವನು ತಟ್ಟೆ ಇಡುತ್ತ ಹೇಳಿದ: "ಇವತ್ತ ಹೊಳಿ ಮೀನ ಭಾಳ ಬಂದಾವ್ರಿ. ಹಾಕ್ಲಿ?"

ಝುಣಕ ರೊಟ್ಟಿ ಸಾಕೆಂದೆ. ನಾನು ದೇವರ ವಾರ ಹಿಡಿದು ಮೀನು ಬಿಟ್ಟಿದ್ದೇನೆಂದು ಭಾವಿಸಿ, ಅವನು ಭಕ್ತಿಯಿಂದ ಇನ್ನೊಂದು ರೊಟ್ಟಿ ಬಡಿಸಿದ.