ಬೆಳಕಿಗೆ ಕೂರಿಸಿದ ಹಮೀದ್ ಸಾಹೇಬರು

ಹಮೀದ್ ಸಾಹೇಬರ ಜೊತೆ ಕೊಪ್ಪದ ರಸ್ತೆಯಲ್ಲಿ ನಿಂತು ಮಾತಾಡಬೇಕೆಂದರೆ ಮೊದಲು ಎರಡು ಹೆಜ್ಜೆ ಸರಿಯಬೇಕಾಗುತ್ತಿತ್ತು. "ಸ್ವಲ್ಪ ಈಚೆ ಬನ್ನಿ ಮಾರಾಯ್ರೆ, ಅಲ್ಲಿ ನಿಮ್ಮ ಮುಖಕ್ಕೆ ಬೆಳಕೇ ಇಲ್ಲ" ಎಂದು ನಮ್ಮನ್ನು ಅಂಗಡಿಯ ನೆರಳಿನಿಂದ ಹೊರಗೆ ಕರೆದು, ಆಮೇಲೆಯೇ ಕ್ಷೇಮಸಮಾಚಾರ. ಮೀನು ಮಾರುವವರಿಗೂ ಹೀಗೆ, ತಹಶೀಲ್ದಾರರಿಗೂ ಹೀಗೆ.

ನಲವತ್ತು ವರ್ಷ ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ನಡೆಸಿದವರು ಅವರು. ಎಲ್ಲರ ಕೈಗೂ ಫೋನು ಬಂದು, ಮದುವೆಯ ಕೆಲಸಗಳು ಕಿರಿಯರ ಪಾಲಾದ ಮೇಲೆ ಉಳಿದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋ ಮಾತ್ರ. ಅದರಲ್ಲೂ ಅವರ ಶ್ರದ್ಧೆಗೆ ಕೊರತೆಯಿರಲಿಲ್ಲ. ಪಿಂಚಣಿ ಅರ್ಜಿಗೆಂದು ಬಂದ ಮುದುಕಿಗೆ, "ಅಜ್ಜಿ, ಗದ್ದ ಒಂಚೂರು ಮೇಲೆ. ಹಾಂ, ಈಗ ಪಟೇಲರ ಮನೆ ಯಜಮಾನ್ತಿ ಹಾಗೆ ಕಾಣ್ತೀರಿ" ಎನ್ನುತ್ತಿದ್ದರು. ಅಜ್ಜಿ ನಕ್ಕ ಕ್ಷಣಕ್ಕೆ ಸರಿಯಾಗಿ ಕ್ಲಿಕ್ ಆಗುತ್ತಿತ್ತು.

ನಾನು ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ವರ್ಷಕ್ಕೆ ಎರಡು ಸಲ ಮಕ್ಕಳನ್ನು ಅವರ ಸ್ಟುಡಿಯೋಗೆ ಕರೆದೊಯ್ಯುತ್ತಿದ್ದೆ. ಜುಲೈಯಲ್ಲಿ ಗುರುತಿನ ಚೀಟಿಯ ಫೋಟೋಕ್ಕೆ, ಜನವರಿಯಲ್ಲಿ ಹತ್ತನೆಯವರ ಬೀಳ್ಕೊಡುಗೆಯ ಆಲ್ಬಮ್ಮಿಗೆ. ದೀಪಗಳ ಹದ ನೋಡಲು ಮೊದಲು ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆಯುವುದು ಅವರ ಪದ್ಧತಿ. ಆ ಫೋಟೋಗಳನ್ನು ಅವರು ಇಟ್ಟುಕೊಂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಅದೇ ಮಳೆಸೀಮೆಯ ಶೆಟ್ಟಿಕೊಪ್ಪದಲ್ಲಿ. ಮಳೆಯೆಂದರೆ ಹೆದರುವವಳಲ್ಲ. ಆದರೆ ನಲವತ್ತು ದಾಟಿದ ಮೇಲೆ, ಆಷಾಢ ಹಿಡಿಯಿತೆಂದರೆ ನನ್ನೊಳಗೆ ಏನೋ ಆರಿಹೋಗತೊಡಗಿತು. ಹತ್ತು ಗಂಟೆ ಮಲಗಿದರೂ ನಿದ್ದೆ ಸಾಲದು. ಕಪ್ಪುಹಲಗೆಯ ಮೇಲೆ ಸುಲಭದ ಲೆಕ್ಕ ಬಿಡಿಸುತ್ತ ಮುಂದಿನ ಸಾಲು ಮರೆತು, ಮಕ್ಕಳ ಕಡೆ ತಿರುಗಲು ಧೈರ್ಯವಿಲ್ಲದೆ ಹಾಗೇ ನಿಂತುಬಿಡುತ್ತಿದ್ದೆ. ನಾಳೆ ಎಚ್ಚರವಾಗದಿದ್ದರೂ ನಷ್ಟವಿಲ್ಲ ಅನ್ನಿಸಿದ ದಿನಗಳೂ ಇದ್ದವು. ದೀಪಾವಳಿಯ ಹೊತ್ತಿಗೆ ಎಲ್ಲ ತಾನಾಗಿ ಸರಿಯಾಗುತ್ತಿದ್ದುದರಿಂದ ಯಾರೂ ಅದನ್ನು ಕಾಯಿಲೆ ಎನ್ನಲಿಲ್ಲ. "ಮಳೆ ಎಂತ ನಮಗೆ ಹೊಸತಾ? ಎದ್ದು ಕೆಲಸ ಮಾಡು, ಸರಿಯಾಗ್ತದೆ" ಎಂದಳು ಅಮ್ಮ. ನನ್ನ ಸೋಮಾರಿತನವೆಂದೇ ನಾನೂ ನಂಬಿದ್ದೆ. ನಾಲ್ಕನೆಯ ಮಳೆಗಾಲದಲ್ಲಿ ಸ್ವಯಂ ನಿವೃತ್ತಿಗೆ ಅರ್ಜಿ ಬರೆದು, ಫೋಟೋ ತೆಗೆಸಲು ಹೋದೆ.

"ಎಂತಕ್ಕೆ ಟೀಚರೇ ಫೋಟೋ?"

"ಕೆಲಸ ಬಿಡ್ತಾ ಇದ್ದೇನೆ ಸಾಹೇಬ್ರೆ. ಅರ್ಜಿಗೆ ಬೇಕು."

ಅವರು ಫೋಟೋ ತೆಗೆದರು. ಕಂಪ್ಯೂಟರಿನ ಮುಂದೆ ತುಂಬ ಹೊತ್ತು ಕೂತು, ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎರಡು ಸಾಲಿನಲ್ಲಿ ಎಂಟು ಮುಖಗಳು. ಎಂಟೂ ನನ್ನವೇ.

"ಮೇಲಿಂದು ಜನವರೀದು. ಕೆಳಗಿಂದು ಮಳೆಗಾಲದ್ದು. ಲೈಟು ಅದೇ, ಕ್ಯಾಮೆರಾ ಅದೇ, ಕೂತ ಸ್ಟೂಲೂ ಅದೇ. ಮೊದಲೆರಡು ವರ್ಷ ನನ್ನದೇ ತಪ್ಪು ಅಂತ ಮಾಡಿದ್ದೆ."

ಕೆಳಗಿನ ಸಾಲಿನವಳು ಯಾರದೋ ಸಾವಿನ ಮನೆಯಿಂದ ಎದ್ದು ಬಂದವಳ ಹಾಗಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟು ದಿನ ನನ್ನ ಮಾತಿಗೆ ಸಾಕ್ಷಿಯೇ ಇರಲಿಲ್ಲ.

"ಈ ಫೋಟೋ ನಾನು ಅರ್ಜಿಗೆ ಕೊಡಲ್ಲ" ಎಂದರು ಸಾಹೇಬರು. "ಕೋಪ ಬಂದ್ರೆ ಮಾಡ್ಕೊಳ್ಳಿ. ಇದನ್ನ ಡಾಕ್ಟ್ರಿಗೆ ತೋರ್ಸಿ. ಆಮೇಲೂ ಕೆಲಸ ಬಿಡೋದಾದ್ರೆ ಬನ್ನಿ, ಚಂದದ್ದೇ ತೆಗೆದುಕೊಡ್ತೇನೆ." ಎಂಟನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ತೆಗೆದು, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು.

ಶಿವಮೊಗ್ಗದ ಮನೋವೈದ್ಯೆ ಆ ಹಾಳೆಯನ್ನು ಎರಡು ಸಲ ನೋಡಿದರು. ಚಳಿದೇಶಗಳಲ್ಲಿ ಬಿಸಿಲು ಕಡಿಮೆಯಾಗುವ ಚಳಿಗಾಲದಲ್ಲಿ ಇಂಥ ಖಿನ್ನತೆ ಬರುತ್ತದೆ, ನಿಮ್ಮ ಪಾಲಿಗೆ ಮಳೆಗಾಲವೇ ಚಳಿಗಾಲ ಎಂದರು. ಮಾತ್ರೆ ಬರೆದರು. ಜೊತೆಗೆ ದಿನಾ ಬೆಳಿಗ್ಗೆ ಅರ್ಧ ಗಂಟೆ, ಹತ್ತು ಸಾವಿರ ಲಕ್ಸ್‌ನಷ್ಟು ಪ್ರಖರ ಬೆಳಕಿನ ಮುಂದೆ ಕಣ್ಣು ತೆರೆದು ಕೂರಬೇಕು, ದೀಪವನ್ನೇ ದಿಟ್ಟಿಸಬಾರದು ಎಂದರು.

ಆನ್‌ಲೈನಿನಲ್ಲಿ ಒಂದು ದೀಪ ತರಿಸಿ ಸಾಹೇಬರಿಗೆ ತೋರಿಸಿದೆ. ಅವರು ಬೆಳಕು ಅಳೆಯುವ ಮೀಟರನ್ನು ಅದರ ಮುಂದೆ ಹಿಡಿದು, "ಇದು ಬೆಳಕಲ್ಲ ಟೀಚರೇ, ಬೆಳಕಿನ ಜಾಹೀರಾತು" ಎಂದರು. ಅದೂ ಅಲ್ಲದೆ, ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುವ ಊರು ನಮ್ಮದು. ಸ್ಟುಡಿಯೋದಲ್ಲಿ ಬ್ಯಾಟರಿಯಿತ್ತು. "ನಾಳೆಯಿಂದ ಏಳೂವರೆಗೆ ಇಲ್ಲಿಗೆ ಬನ್ನಿ."

ಮರುದಿನ ಹೋಗುವಷ್ಟರಲ್ಲಿ ಎರಡು ದೊಡ್ಡ ದೀಪಗಳಿಗೆ ಬಿಳಿ ಬಟ್ಟೆಯ ಮರೆ ಕಟ್ಟಿ, ಮೀಟರ್ ಹಿಡಿದು ಅಳೆದು, ಸ್ಟೂಲು ಎಲ್ಲಿರಬೇಕೆಂದು ನೆಲದ ಮೇಲೆ ಟೇಪು ಅಂಟಿಸಿದ್ದರು. ಕಣ್ಣಿಗೆ ತೊಂದರೆಯಾಗದೆಂದು ನನ್ನಿಂದ ವೈದ್ಯೆಗೆ ಫೋನು ಮಾಡಿಸಿ ತಾವೇ ಕೇಳಿ ತಿಳಿದುಕೊಂಡರು. ಜನ ಆಡಿಕೊಳ್ಳಬಾರದೆಂದು ಶಟರನ್ನು ಪೂರ್ತಿ ಮೇಲೆತ್ತಿ ಇಡುತ್ತಿದ್ದರು. ನಾನು ಕೂತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಆದರೂ ಎದುರಿನ ಬೇಕರಿಯವರು ಒಂದು ದಿನ ಕೇಳಿಯೇಬಿಟ್ಟರು, "ಟೀಚರಿಗೆ ದಿನಾ ಎಂತ ಫೋಟೋ ಸಾಹೇಬ್ರೆ?"

"ಇನ್ನೂ ಸರಿ ಬಂದಿಲ್ಲ ಮಾರಾಯ. ಬರೋ ತನಕ ತೆಗಿತೇನೆ."

ಹತ್ತು ದಿನ ಕಳೆದರೂ ನನಗೆ ಏನೂ ಅನ್ನಿಸಲಿಲ್ಲ. ಸುಮ್ಮನೆ ಅವರಿಗೆ ತೊಂದರೆ ಎಂದೆ. "ಅಡಿಕೆ ಒಣಗ್ಲಿಕ್ಕೇ ಎಷ್ಟು ಬಿಸಿಲು ಬೇಕು! ನೀವು ಮನುಷ್ಯರಲ್ವಾ?" ಎಂದು ದೀಪ ಒರೆಸುತ್ತ ಹೋದರು. ಮೂರನೆಯ ವಾರ ಒಂದು ಬೆಳಿಗ್ಗೆ, ತ್ರಿಜ್ಯ ಕಂಡುಹಿಡಿಯಿರಿ ಎಂಬ ಪ್ರಶ್ನೆಗೆ ಹುಡುಗಿಯೊಬ್ಬಳು ಚಿತ್ರದಲ್ಲಿದ್ದ ಗೆರೆಗೆ ಬಾಣ ಹಾಕಿ 'ಇಲ್ಲಿದೆ' ಎಂದು ಬರೆದಿದ್ದಳು. ನನಗೆ ಜೋರಾಗಿ ನಗು ಬಂತು. ಕೌಂಟರಿನ ಕಡೆಯಿಂದ ಸಾಹೇಬರ ದನಿ ಮೆಲ್ಲಗೆ ಕೇಳಿಸಿತು, "ಬಂತು."

ಆ ಅರ್ಜಿ ಕೊಡಲಿಲ್ಲ. ಮರುವರ್ಷ ಜೂನ್ ಮೊದಲ ವಾರವೇ, "ಮೋಡ ಕಟ್ತಾ ಉಂಟು, ಶುರು ಮಾಡುವನಾ?" ಎಂದು ಅವರೇ ಶಾಲೆಗೆ ಫೋನು ಮಾಡಿದರು.

ಮೂರು ಮಳೆಗಾಲ ಹೀಗೆ ಕಳೆದೆ. ಆಮೇಲೆ ಅವರ ಹೃದಯ ದುರ್ಬಲವಾಗಿ, ಸ್ಟುಡಿಯೋ ಮುಚ್ಚಿ ನರಸಿಂಹರಾಜಪುರದ ಮಗಳ ಮನೆಗೆ ಹೊರಟರು. ಹೊರಡುವ ಮುನ್ನ ದೀಪಗಳನ್ನೂ ಬ್ಯಾಟರಿಯನ್ನೂ ಆಟೋದಲ್ಲಿ ಹೇರಿಕೊಂಡು ನನ್ನ ಬಾಡಿಗೆ ಮನೆಗೆ ತಂದು, ಅಲ್ಲೂ ಅಳೆದು ನೆಲಕ್ಕೆ ಟೇಪು ಹಾಕಿಕೊಟ್ಟರು.

ಶ್ರಾವಣದಲ್ಲಿ ಒಂದು ಭಾನುವಾರ ಅವರನ್ನು ನೋಡಲು ಮೊದಲ ಬಸ್ಸಿಗೇ ಹೋದೆ. ಕಿಟಕಿಯ ಬಳಿ ಹಾಸಿದ್ದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ತುಂಬ ಇಳಿದುಹೋಗಿದ್ದರು. ನಾನು ಆರೋಗ್ಯ ವಿಚಾರಿಸುವ ಮೊದಲೇ, "ಬೆಳಿಗ್ಗೆ ಕೂತಿದ್ರಾ?" ಎಂದು ಕೇಳಿದರು.

"ಇಲ್ಲ ಸಾಹೇಬ್ರೆ, ಬಸ್ಸು ಬೇಗ ಇತ್ತು."

"ನಾನು ಎಲ್ಲಿಗೆ ಓಡಿ ಹೋಗ್ತಿದ್ದೆ ಟೀಚರೇ? ಕೂತು, ಎರಡನೇ ಬಸ್ಸಿಗೆ ಬರ್ಬಹುದಿತ್ತಲ್ಲ."

ಮುಂದಿನ ಸಲ ಹಾಗೇ ಮಾಡುತ್ತೇನೆಂದು ಒಪ್ಪಿಕೊಂಡೆ. ಅವರ ಮಗಳು ಊಟ ಹಾಕಿದಳು. ಸಾಹೇಬರು ನಿದ್ದೆ ಹೋದ ಮೇಲೆ ಎಬ್ಬಿಸದೆ ಹೊರಟುಬಂದೆ. ಅವರನ್ನು ನೋಡಿದ್ದು ಅದೇ ಕೊನೆ. ನವರಾತ್ರಿಗೆ ಮೊದಲೇ ತೀರಿಕೊಂಡರು.

ಈ ವರ್ಷವೂ ಹತ್ತನೆಯವರಿಗೆ ಗಣಿತ ನಾನೇ ಮಾಡುತ್ತಿದ್ದೇನೆ.