ಬೋರ್ ನೀರು ಕುಡಿಸಿದ ಕಾರು

ಥರ್ಮೋಸ್ಟಾಟ್ ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಸಾಮಾನು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಬಿಸಿಯೇರಿದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವುದಷ್ಟೇ ಅದರ ಕೆಲಸ. ಈಗ ಅದನ್ನು ನಾನೇ ಬದಲಾಯಿಸಬಲ್ಲೆ. ಇಂಜಿನ್ ಪೂರ್ತಿ ಆರಿದ ಮೇಲೆ ಹಳೆಯ ನೀರು ಇಳಿಸಿ, ಬೋಲ್ಟ್ ಬಿಚ್ಚಿ, ಅಂಟಿಕೊಂಡ ಗ್ಯಾಸ್ಕೆಟ್ ಕೆರೆದು ಹೊಸ ಥರ್ಮೋಸ್ಟಾಟ್ ಕೂರಿಸುತ್ತೇನೆ. ಅದಕ್ಕೂ ಮುಂಚೆ ಒಲೆಯ ಮೇಲಿನ ನೀರಿಗೆ ಹಾಕಿ, ಕುದಿ ಬರುವ ಹೊತ್ತಿಗೆ ಬಾಯಿ ಬಿಡುತ್ತದೋ ಇಲ್ಲವೋ ನೋಡುತ್ತೇನೆ. ಇವತ್ತು ಇದೇ ಸಾರಾ ಎಂದು ಹೆಂಡತಿ ಗೇಲಿ ಮಾಡುತ್ತಾಳೆ. ಮಾಡಲಿ. ಕಲಿಯಬೇಕಾದಾಗ ಕಲಿಯದವನಿಗೆ ಅಷ್ಟಾದರೂ ಆಗಬೇಕು.

ನಮ್ಮದು ಚಿಂತಾಮಣಿ ಪಕ್ಕದ ಹಳ್ಳಿ. ಮೂರು ಬೋರ್ ಕೊರೆಸಿ ಸೋತು, ನಾಲ್ಕನೆಯದರಲ್ಲಿ ನೀರು ಚಿಮ್ಮಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದ ನೆಂಟರಿಗೆಲ್ಲ ಚೊಂಬಿನಲ್ಲಿ ಅದೇ ನೀರು, ಕಾರಿಗೂ ಅದೇ. ಆ ನೀರು ಕಾಯಿಸಿದ ಹಂಡೆಯೊಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಂಜಿನ್ ಒಳಗೂ ಕಟ್ಟುತ್ತದೆ ಎಂದು ನನಗೆ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಚಿಂತಾಮಣಿಯ ಮೆಕ್ಯಾನಿಕ್ ಬಿಡಿಸಿ ಹೇಳಿದ್ದ.

"ಸಾರ್, ಥರ್ಮೋಸ್ಟಾಟ್ ಉಪ್ಪು ಕಟ್ಕೊಂಡು ಹಿಡ್ಕೊಳ್ತೈತೆ. ಬೇರೆ ಹಾಕಣ. ಇನ್ಮೇಲೆ ಕೂಲೆಂಟ್ ಹಾಕಿ, ಬೋರ್ ನೀರು ಬ್ಯಾಡ."

"ಆ ನೀರಲ್ಲಿ ದ್ರಾಕ್ಷಿ ಬೆಳೀತೀನಿ ಕಣಯ್ಯ. ಒಂದು ಕಾರಿಗೆ ಸಾಲ್ದಾ?" ಎಂದು ರೇಗಿ, ಏನೂ ಬದಲಾಯಿಸದೆ ಎದ್ದು ಬಂದೆ.

ಅದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಗೌರಿಬಿದನೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಳು. ಅಕ್ಕ ಹಾಸಿಗೆ ಹಿಡಿದಿದ್ದಳು. ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದರು.

"ಮಾಮ, ಅಮ್ಮನ ಮಾತು ಕಮ್ಮಿ ಆಗ್ತೈತೆ. ನಿನ್ನನ್ನೇ ಕೇಳ್ತಾವ್ರೆ. ಬೇಗ ಬಾ."

ಅವ್ವ ತೀರಿಕೊಂಡ ಮೇಲೆ ನನಗೆ ಉಣ್ಣಿಸಿ, ತಲೆ ಬಾಚಿ, ಸ್ಕೂಲಿಗೆ ಕಳಿಸಿದವಳು ಅಕ್ಕ. ಅವಳ ಬಾಯಲ್ಲಿ ಮಾತಿರುವಾಗಲೇ ಮುಖ ತೋರಿಸಬೇಕೆಂದು ಉಟ್ಟ ಬಟ್ಟೆಯಲ್ಲೇ ಕಾರು ಹತ್ತಿದೆ.

ಶಿಡ್ಲಘಟ್ಟ ದಾಟಿದೆ. ಚಿಕ್ಕಬಳ್ಳಾಪುರದಲ್ಲೇ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತ್ತು. ನೋಡಿಯೂ ನೋಡದವನಂತೆ ಓಡಿಸಿದೆ. ಮಂಚೇನಹಳ್ಳಿ ಇನ್ನೂ ಮುಂದಿರುವಾಗಲೇ ಬಾನೆಟ್ಟಿನಿಂದ ಹಬೆ ಎದ್ದಿತು. ಇಂಜಿನ್ ಕೊತಕೊತ ಕುದಿಯುತ್ತಿತ್ತು, ರೇಡಿಯೇಟರಿನ ಕೆಳಭಾಗ ಮುಟ್ಟಿದರೆ ತಣ್ಣಗಿತ್ತು. ಮೆಕ್ಯಾನಿಕ್ ಹೇಳಿದ್ದು ಆಗ ಅರ್ಥವಾಯಿತು.

ಹತ್ತು ನಿಮಿಷದಲ್ಲಿ ಗೌರಿಬಿದನೂರಿನ ಬಸ್ಸು ಬಂತು. ಹಬೆ ಕಂಡು ಡ್ರೈವರ್ ತಾನಾಗಿಯೇ ನಿಲ್ಲಿಸಿದ. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, "ಬರ್ತೀರಾ ಯಜಮಾನ್ರೇ? ಸೀಟೈತೆ," ಎಂದ.

"ಇಲ್ಲಪ್ಪ, ಅರ್ಧ ಗಂಟೇಲಿ ಆರುತ್ತೆ. ನೀನು ಹೋಗು," ಎಂದೆ.

ಕಾರನ್ನು ರಸ್ತೆ ಬದಿಯಲ್ಲಿ ಬಿಟ್ಟು, ಅಕ್ಕನ ಊರಿನಲ್ಲಿ ಬಸ್ಸಿನಿಂದ ಇಳಿಯುವುದು ನನ್ನಂಥವನಿಗೆ ಅವಮಾನ ಎಂದು ಆ ಹೊತ್ತಿನಲ್ಲೂ ಅನ್ನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಆರಲು ಒಂದು ಗಂಟೆ ಹಿಡಿಯಿತು. ಪಕ್ಕದ ತೋಟದಿಂದ ಕೊಡದಲ್ಲಿ ನೀರು ತಂದು ಹುಯ್ದೆ. ಅದೂ ಬೋರ್ ನೀರೇ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಮತ್ತೆ ಕುದಿಯಿತು. ಹೀಗೆ ನಿಲ್ಲುತ್ತಾ ಕುಂಟುತ್ತಾ ಅಕ್ಕನ ಬೀದಿಗೆ ತಿರುಗಿದಾಗ ಮಧ್ಯಾಹ್ನವಾಗಿತ್ತು. ಮನೆಯ ಮುಂದೆ ಬೆಂಕಿ ಹಾಕಿದ್ದರು. ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಒಳಗೆ ಹೋದಾಗ ಅಕ್ಕನ ಮಗಳು ನನ್ನ ತೋಳು ಹಿಡಿದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಈಗ ಅರ್ಧ ಗಂಟೆ ಆಯ್ತು ಮಾಮ. ಕೇಳ್ತಾನೇ ಇದ್ರು. ಕಾರಲ್ಲಿ ಹೊರಟವ್ನೆ ಅಂದೆ. 'ಹಂಗಾದ್ರೆ ಬಸ್ಸಿಗೆ ಕಾಯೋ ಗೋಳಿಲ್ಲ, ಬಂದ್ಬಿಡ್ತಾನೆ' ಅಂದ್ರು. ಬಾಗಿಲ ಕಡೆಗೆ ತಿರುಗ್ಸು ಅಂದ್ರು, ತಿರುಗ್ಸಿ ಮಲಗ್ಸಿದೆ."

ದಾರಿಯಲ್ಲಿ ಬಸ್ಸೊಂದು ನನಗಾಗಿ ನಿಂತಿತ್ತು ಎಂದು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ.